ಹಂಚಿನ ಮನೆ ಒಂದು, ಸಮುದ್ರ ಎರಡು

ಕಳೆದ ಜುಲೈ ತಿಂಗಳ ಒಂದು ರವಿವಾರ ಸಂಜೆ ಧಾರವಾಡದಲ್ಲಿ ಸಾಗರ ಪ್ರವಾಹಗಳ ಬಗ್ಗೆ, ಅಂದ್ರೆ ಸಮುದ್ರದೊಳಗೆ ಹೊಳೆಯ ಹಾಗೆ ಹರಿಯುವ ನೀರಿನ ಬಗ್ಗೆ, ನಾನು ಆಡಿದ ಮಾತುಗಳಿವು. ಕೈ ತೋರಿಸಿ ಹೇಳಿದ್ದನ್ನು ಬರೆಯುವಾಗ ಬಿಡಿಸಿ ಹೇಳಬೇಕಾಯಿತು. ಅದು ಬಿಟ್ಟರೆ ಜಾಸ್ತಿ ತಿದ್ದಿಲ್ಲ. ನಡುವೆ ಬಂದ ಪ್ರಶ್ನೆಗಳನ್ನೂ ಹಾಗೇ ಇಟ್ಟಿದ್ದೇನೆ.

ನಮಸ್ಕಾರ. ಹೊರಗೆ ಮಳೆ ಜೋರಾಗಿದೆ. ಇಂಥ ಮಳೆಯಲ್ಲಿ ಮಿರ್ಚಿ ಭಜಿ ಬಿಟ್ಟು ಭೂಗೋಳದ ಮಾಸ್ತರನ ಮಾತು ಕೇಳೋಕೆ ಬಂದಿದ್ದೀರಿ ಅಂದ್ರೆ ನಿಮಗೆ ಧೈರ್ಯ ಇದೆ.

ನಾನು ಒಳಗೆ ಬರುವಾಗಲೇ ಒಬ್ಬ ಹಿರಿಯರು ಬಾಗಿಲಲ್ಲಿ ಹಿಡಿದರು. ನವಲಗುಂದ ಕಡೆಯ ರೈತರು. ಮಗಳ ಮನೆಗೆ ಬಂದವರು, ಮೊಮ್ಮಗಳ ಜೊತೆ ಇಲ್ಲಿಗೂ ಬಂದಿದ್ದಾರೆ. "ಸಾಗರ ಪ್ರವಾಹ ಅಂತ ಬರದೀರಲ್ರಿ ಸರ. ಸಮುದ್ರ ಇಲ್ಲಿಂದ ನೂರೈವತ್ತು ಕಿಲೋಮೀಟರ್ ಐತಿ. ಎರಿ ಹೊಲದಾಗ ಕಡ್ಲಿ ಬೆಳಿಯೋರಿಗೆ ಅದರಿಂದ ಏನಾಗಬೇಕ್ರಿ?" ಅಂದರು. "ಮುಂದಿನ ಸಾಲಿನಾಗ ಕೂಡ್ರಿ ಯಜಮಾನ್ರ, ಹೇಳ್ತೀನಿ" ಅಂದೆ. ಕೂತಿದ್ದಾರೆ. ಈ ಒಂದು ಗಂಟೆ ಅವರಿಗೆ ಉತ್ತರ ಕೊಡುವುದೇ ನನ್ನ ಕೆಲಸ.

ಮೊದಲು ನಾವು ಕೂತಿರುವ ಜಾಗ ನೋಡೋಣ. ಧಾರವಾಡ ಇರುವುದು ನೀರು ಎರಡು ಕಡೆ ಒಡೆಯುವ ದಿಬ್ಬದ ಮೇಲೆ. ಸೋಮೇಶ್ವರ ಗುಡಿಯ ಹತ್ತಿರ ಶಾಲ್ಮಲಾ ಹುಟ್ಟುತ್ತಾಳೆ, ನಿಮಗೆಲ್ಲ ಗೊತ್ತು. ಅವಳು ಹೋಗುವುದು ಪಡುವಣಕ್ಕೆ. ಬೇಡ್ತಿಯನ್ನು ಸೇರಿ, ಮಾಗೋಡಿನಲ್ಲಿ ಧುಮುಕಿ, ಗಂಗಾವಳಿ ಅಂತ ಹೆಸರು ಬದಲಿಸಿಕೊಂಡು, ಅಂಕೋಲಾ ಮತ್ತು ಗೋಕರ್ಣದ ನಡುವೆ ಅರಬ್ಬಿ ಸಮುದ್ರಕ್ಕೆ ಬೀಳುತ್ತಾಳೆ. ದಿಬ್ಬದ ಮೂಡಣ ಮೈಯ ಕಥೆ ಬೇರೆ. ಅಲ್ಲಿಯ ಹಳ್ಳಗಳು ಬೆಣ್ಣಿಹಳ್ಳದ ಕಡೆ ಓಡುತ್ತವೆ. ಬೆಣ್ಣಿಹಳ್ಳ ಮಲಪ್ರಭೆಗೆ, ಮಲಪ್ರಭೆ ಕೂಡಲಸಂಗಮದಲ್ಲಿ ಕೃಷ್ಣೆಗೆ, ಕೃಷ್ಣೆ ಆಂಧ್ರದ ಹಂಸಲದೀವಿಯ ಹತ್ತಿರ ಬಂಗಾಳ ಕೊಲ್ಲಿಗೆ.

ಈಗ ಆ ದಿಬ್ಬದ ನೆತ್ತಿಯ ಮೇಲೆ ಒಂದು ಹಂಚಿನ ಮನೆ ಇದೆ ಅಂತ ಇಟ್ಟುಕೊಳ್ಳಿ. ಮಳೆ ಹನಿ ಎರಡು, ಮಾಡಿನ ಏಣಿನ ಮೇಲೆ ಒಂದೇ ಗಳಿಗೆಗೆ ಬಿದ್ದವು. ಒಂದು ಈ ಕಡೆಯ ಹಂಚಿಗೆ ಜಾರಿತು, ಇನ್ನೊಂದು ಆ ಕಡೆಗೆ. ಒಂದು ಅರಬ್ಬಿ ಸಮುದ್ರದ ಪಾಲು, ಇನ್ನೊಂದು ಬಂಗಾಳ ಕೊಲ್ಲಿಯ ಪಾಲು. ನಡುವೆ ಅಣೆಕಟ್ಟು, ಕಾಲುವೆ, ಕಬ್ಬಿನ ಗದ್ದೆ ಎಲ್ಲ ಇವೆ, ಎಲ್ಲ ಹನಿಯೂ ಸಮುದ್ರ ಮುಟ್ಟುವುದಿಲ್ಲ. ಅದು ಬೇರೆ ಜಗಳ, ಇವತ್ತು ಬೇಡ. ಈ ಎರಡು ಹನಿಗಳನ್ನು ಮಾತ್ರ ನೆನಪಿಟ್ಟುಕೊಳ್ಳಿ.

ಎರಡು ಸಮುದ್ರಗಳ ರುಚಿ ಒಂದೇ ಅಲ್ಲ. ಅರಬ್ಬಿ ಸಮುದ್ರದ ಆಚೆ ಮರುಭೂಮಿ. ಬಂದು ಸೇರುವ ನದಿ ಕಮ್ಮಿ, ಆವಿಯಾಗಿ ಹೋಗುವ ನೀರು ಜಾಸ್ತಿ. ಅದಕ್ಕೇ ಅದು ಉಪ್ಪುಪ್ಪು, ಒಂದು ಕಿಲೋ ನೀರಿನಲ್ಲಿ 36 ಗ್ರಾಂ ಆಸುಪಾಸು ಉಪ್ಪು. ಬಂಗಾಳ ಕೊಲ್ಲಿಗೆ ಗಂಗಾ, ಬ್ರಹ್ಮಪುತ್ರಾ, ಐರಾವತಿ, ಮಹಾನದಿ, ಗೋದಾವರಿ, ಕೃಷ್ಣಾ ಎಲ್ಲ ಸಿಹಿನೀರು ಸುರಿಯುತ್ತವೆ. ಮೇಲೆ ಮಳೆ ಬೇರೆ. ಮಳೆಗಾಲ ಮುಗಿಯುವ ಹೊತ್ತಿಗೆ ಕೊಲ್ಲಿಯ ಉತ್ತರ ಭಾಗದ ಮೇಲಿನ ನೀರಲ್ಲಿ ಉಪ್ಪು 30 ಗ್ರಾಂಗಿಂತ ಕೆಳಗೆ ಇಳಿದಿರುತ್ತದೆ. ಆರು ಗ್ರಾಂ ಅಂದ್ರೆ ಒಂದು ಚಮಚ. ಅಷ್ಟರಿಂದ ಏನಾಗುತ್ತದೆ ಅಂತ ಇಲ್ಲೇ ನೋಡೋಣ.

ಮೇಜಿನ ಮೇಲೆ ಎರಡು ಗಾಜಿನ ಭರಣಿ ಇಟ್ಟಿದ್ದೇನೆ. ಉಪ್ಪಿನಕಾಯಿ ಹಾಕೋವು, ನನ್ನ ಹೆಂಡತಿಯ ಅಡುಗೆಮನೆಯಿಂದ ಕೇಳಿಕೊಂಡು ತಂದದ್ದು. ಎರಡರಲ್ಲೂ ಮೂರು ಮೂರು ಲೀಟರ್ ನಳದ ನೀರು. ಎಡಗಡೆಯದರಲ್ಲಿ ಬರೀ ನೀರು. ಬಲಗಡೆಯದರಲ್ಲಿ ನೂರು ಗ್ರಾಂ ಹರಳುಪ್ಪು ಕರಗಿಸಿದೆ. ಗೋಕರ್ಣದ ಹತ್ತಿರದ ಸಾಣಿಕಟ್ಟೆಯ ಉಪ್ಪು ಇದು, ಅರಬ್ಬಿ ಸಮುದ್ರದ್ದೇ. ಈಗ ಎರಡಕ್ಕೂ ಒಂದೊಂದು ಐಸ್ ತುಂಡು ಹಾಕುತ್ತೇನೆ. ನೀಲಿ ಶಾಯಿ ಬೆರೆಸಿ ಫ್ರಿಜ್ಜಿನಲ್ಲಿ ಇಟ್ಟದ್ದು. ಹೋದ ವರ್ಷ ಒಂದು ಶಾಲೆಯಲ್ಲಿ ಶಾಯಿ ಕಮ್ಮಿ ಹಾಕಿ ಮಾನ ಕಳೆದುಕೊಂಡಿದ್ದೆ, ಏನೂ ಕಾಣಲಿಲ್ಲ. ಈ ಸಲ ಧಾರಾಳ ಹಾಕಿದ್ದೇನೆ.

ಯಾವುದರಲ್ಲಿ ಐಸ್ ಬೇಗ ಕರಗುತ್ತದೆ? ಕೈ ಎತ್ತಿ. ಉಪ್ಪಿನ ನೀರು ಅಂತ ಮುಕ್ಕಾಲು ಸಭೆ. ಸರಿ, ಕಾಯೋಣ.

ಎಡಗಡೆ ನೋಡಿ. ಐಸಿನ ತಳದಿಂದ ನೀಲಿ ದಾರ ಇಳಿಯುತ್ತಿದೆ. ಒಂದು, ಎರಡು, ನಾಲ್ಕು. ಅಗರಬತ್ತಿಯ ಹೊಗೆಯನ್ನು ತಲೆಕೆಳಗು ಮಾಡಿದ ಹಾಗೆ. ಕೆಳಗೆ ಮುಟ್ಟಿದ ಕೂಡಲೇ ತಳದಲ್ಲಿ ಹರಡಿಕೊಳ್ಳುತ್ತಿದೆ. ತಣ್ಣೀರು ಭಾರ, ಅದಕ್ಕೆ ಮುಳುಗಿತು. ಬಲಗಡೆ? ಒಂದು ದಾರವೂ ಇಲ್ಲ. ನೀಲಿ ಎಲ್ಲ ಮೇಲೆಯೇ ಹಾಸಿಕೊಂಡಿದೆ, ಹಾಲಿನ ಮೇಲೆ ಕೆನೆ ಕಟ್ಟಿದ ಹಾಗೆ. ಕರಗಿದ ಐಸು ತಣ್ಣಗೇ ಇದೆ, ಆದರೆ ಅದು ಸಿಹಿನೀರು. ಕೆಳಗಿನ ಉಪ್ಪುನೀರು ಅದಕ್ಕಿಂತ ಭಾರ. ಹಾಗಾಗಿ ಇಳಿಯಲು ದಾರಿಯೇ ಇಲ್ಲ. ಐಸು ತಾನು ಕರಗಿಸಿದ ತಣ್ಣೀರಲ್ಲೇ ಕೂತಿದೆ, ಬಿಸಿ ಅದಕ್ಕೆ ತಾಗುತ್ತಿಲ್ಲ. ಅದಕ್ಕೇ ಬಲಗಡೆಯದು ನಿಧಾನ. ಎಡಗಡೆಯದು ಅರ್ಧ ಕರಗಿತು, ನೋಡಿ. ಮುಕ್ಕಾಲು ಸಭೆ ಸೋತಿತು. ಬೇಜಾರು ಬೇಡ, ಮೊದಲ ಸಲ ನಾನೂ ಸೋತಿದ್ದೆ.

ಸಮುದ್ರದ ಆಳದ ಓಟವೆಲ್ಲ ಈ ಎರಡು ಭರಣಿಗಳಲ್ಲಿದೆ. ಗ್ರೀನ್‌ಲ್ಯಾಂಡಿನ ಸುತ್ತ ಮತ್ತು ಅಂಟಾರ್ಕ್ಟಿಕಾದ ಅಂಚಿನಲ್ಲಿ ಸಮುದ್ರದ ನೀರು ಬಲವಾಗಿ ತಣ್ಣಗಾಗುತ್ತದೆ. ಮಂಜುಗಡ್ಡೆ ಕಟ್ಟುವಾಗ ಉಪ್ಪು ಹೊರಗೆ ಉಳಿಯುತ್ತದೆ, ಉಳಿದ ನೀರು ಇನ್ನೂ ಉಪ್ಪಾಗುತ್ತದೆ. ತಣ್ಣಗೂ ಹೌದು, ಉಪ್ಪೂ ಹೌದು. ಎರಡು ಪಟ್ಟು ಭಾರ ಬಿದ್ದಂತೆ ಅದು ಕಿಲೋಮೀಟರ್‌ಗಟ್ಟಲೆ ಕೆಳಗೆ ಮುಳುಗಿ, ತಳ ಹಿಡಿದು ಸಮಭಾಜಕದ ಕಡೆ ತೆವಳುತ್ತದೆ. 1751ರಲ್ಲಿ ಹೆನ್ರಿ ಎಲ್ಲಿಸ್ ಅನ್ನುವ ಬ್ರಿಟಿಷ್ ಕಪ್ತಾನ ಅಟ್ಲಾಂಟಿಕ್‌ನ ಬಿಸಿಲಲ್ಲಿ ಬಕೆಟ್ ಒಂದನ್ನು ಆಳಕ್ಕೆ ಬಿಟ್ಟು ಎಳೆದ. ಮುಚ್ಚಳ ತಾನೇ ಹಾಕಿಕೊಳ್ಳುವ ಬಕೆಟ್. ಮೇಲೆ ಸುಡುವ ಸೆಕೆ, ಒಳಗಿನ ನೀರು ಚಳಿ ಹಿಡಿಸುವಷ್ಟು ತಂಪು. ಅವನು ಆ ನೀರಲ್ಲಿ ಸ್ನಾನ ಮಾಡಿದ, ವೈನ್ ತಂಪು ಮಾಡಿಕೊಂಡ, ಹಾಗಂತ ಬರೆದಿಟ್ಟ. ಅವನ ಹಡಗು ಗುಲಾಮರನ್ನು ಸಾಗಿಸುವ ಹಡಗು ಅನ್ನುವುದನ್ನೂ ಹೇಳಿಬಿಡಬೇಕು. ಸುಮಾರು ಅರ್ಧ ಶತಮಾನದ ಮೇಲೆ ಕೌಂಟ್ ರಮ್‌ಫೋರ್ಡ್ ಅನ್ನುವವನು ಯೋಚಿಸಿ, ಇಷ್ಟು ತಣ್ಣೀರು ಉಷ್ಣವಲಯದಲ್ಲಿ ಹುಟ್ಟಲು ಸಾಧ್ಯವಿಲ್ಲ, ಧ್ರುವದಿಂದಲೇ ನಡೆದು ಬಂದಿರಬೇಕು ಅಂದ. ಸರಿಯಾಗೇ ಹೇಳಿದ್ದ.

ಈ ಆಳದ ಪಯಣ ಎಷ್ಟು ನಿಧಾನ ಅಂದ್ರೆ, ಮುಳುಗಿದ ನೀರು ಪೆಸಿಫಿಕ್‌ನ ಉತ್ತರಕ್ಕೆ ತಲುಪಿ ಮೇಲೆ ಬರಲು ಸುಮಾರು ಸಾವಿರ ವರ್ಷ ಬೇಕು. ಗದಗದಿಂದ ಬಂದವರು ಇದ್ದೀರಾ? ಲಕ್ಕುಂಡಿಯಲ್ಲಿ ಅತ್ತಿಮಬ್ಬೆ ಬ್ರಹ್ಮ ಜಿನಾಲಯ ಕಟ್ಟಿಸಿದ್ದು 1007ರಲ್ಲಿ. ಅವಳು ಬಸದಿಗೆ ಕಲ್ಲು ಇಡಿಸುತ್ತಿದ್ದಾಗ ಗ್ರೀನ್‌ಲ್ಯಾಂಡಿನ ಪಕ್ಕ ಮುಳುಗಿದ ನೀರು ಈಗೀಗ ಪೆಸಿಫಿಕ್‌ನಲ್ಲಿ ಬೆಳಕು ಕಾಣುತ್ತಿರಬಹುದು.

ಇದು ಆಳದ ಮಾತು. ಮೇಲಿನ ನೀರನ್ನು ಓಡಿಸುವುದು ಗಾಳಿ. ಅದರಲ್ಲಿ ಏನು ವಿಶೇಷ, ಗಾಳಿ ಬೀಸಿದ ಕಡೆ ನೀರು ಹೋಗುತ್ತದೆ ಅಂತೀರಿ. ಹೋಗುವುದಿಲ್ಲ. ಅದೇ ಮಜಾ. 1893ರಲ್ಲಿ ನಾರ್ವೆಯ ನಾನ್‌ಸೆನ್ ತನ್ನ ಫ್ರಾಮ್ ಹಡಗನ್ನು ಬೇಕಂತಲೇ ಉತ್ತರ ಧ್ರುವದ ಮಂಜುಗಡ್ಡೆಯಲ್ಲಿ ಸಿಕ್ಕಿಸಿಕೊಂಡು ಮೂರು ವರ್ಷ ತೇಲಿಬಿಟ್ಟ. ಮಾಡಲು ಬೇರೆ ಕೆಲಸ ಜಾಸ್ತಿ ಇರಲಿಲ್ಲ, ಗಮನವಿಟ್ಟು ನೋಡಿದ. ಮಂಜುಗಡ್ಡೆ ಗಾಳಿಯ ದಿಕ್ಕಿಗೆ ಹೋಗುತ್ತಿರಲಿಲ್ಲ. ಯಾವಾಗಲೂ ಗಾಳಿಯ ಬಲಕ್ಕೆ ವಾಲಿಕೊಂಡು ಹೋಗುತ್ತಿತ್ತು. ಅದರ ಲೆಕ್ಕ ಬಿಡಿಸಿದ್ದು ಸ್ವೀಡನ್ನಿನ ಎಕ್ಮನ್, 1905ರಲ್ಲಿ.

ಇದಕ್ಕೆ ಕಾರಣ ಭೂಮಿ ತಿರುಗುವುದು. ಅದನ್ನು ತೋರಿಸಲು ಬೀಸುವ ಕಲ್ಲು ತಂದಿದ್ದೇನೆ. ಇಬ್ಬರು ಹುಡುಗಿಯರು ಬನ್ನಿ. ಒಬ್ಬಳು ಗೂಟ ಹಿಡಿದು ಗಡಿಯಾರದ ಮುಳ್ಳಿಗೆ ಎದುರಾಗಿ ತಿರುಗಿಸಲಿ, ನಿಧಾನಕ್ಕೆ. ಇನ್ನೊಬ್ಬಳು ಚಾಕ್‌ಪೀಸ್ ಹಿಡಿದು ನಡುವಿನಿಂದ ಅಂಚಿಗೆ ನೇರ ಗೆರೆ ಎಳೆಯಲಿ. ಕೈ ಅಲ್ಲಾಡಬಾರದು ನೋಡವ್ವಾ. ಎಳೆದೆಯಾ? ನಿಲ್ಲಿಸಿ. ಈಗ ಕಲ್ಲಿನ ಮೇಲೆ ಏನಿದೆ? ಕುಡುಗೋಲಿನ ಹಾಗೆ ಬಾಗಿದ ಗೆರೆ. ಬಲಕ್ಕೆ ಬಾಗಿದೆ. "ನಾ ನೆಟ್ಟಗ ಎಳದೀನ್ರಿ ಸರ" ಅಂತಾಳೆ. ಹೌದು, ನೀನು ನೆಟ್ಟಗೇ ಎಳೆದೆ. ಬಾಗಿದ್ದು ಕಲ್ಲು ತಿರುಗಿದ್ದರಿಂದ. ಭೂಮಿಯ ಉತ್ತರಾರ್ಧದಲ್ಲಿ ಓಡುವ ಗಾಳಿ, ನೀರು ಎಲ್ಲಕ್ಕೂ ಇದೇ ಗತಿ, ಬಲಕ್ಕೆ. ದಕ್ಷಿಣಾರ್ಧದಲ್ಲಿ ಎಡಕ್ಕೆ. ಎಕ್ಮನ್ ಲೆಕ್ಕದ ಪ್ರಕಾರ ಗಾಳಿಗೆ ಸಿಕ್ಕ ಮೇಲಿನ ಪದರವನ್ನೆಲ್ಲ ಒಟ್ಟು ಹಿಡಿದರೆ, ನೀರು ಸಾಗುವುದು ಗಾಳಿಗೆ ಸರಿಯಾಗಿ ಅಡ್ಡಲಾಗಿ.

ಇದರಿಂದ ಮೀನು ಸಿಗುತ್ತದೆ. ತಮಾಷೆಯಲ್ಲ. ಮಳೆಗಾಲದಲ್ಲಿ ನಮ್ಮ ಕರಾವಳಿಯ ಉದ್ದಕ್ಕೂ ಗಾಳಿ ವಾಯವ್ಯದಿಂದ ದಕ್ಷಿಣದ ಕಡೆಗೆ ಸವರಿಕೊಂಡು ಹೋಗುತ್ತದೆ. ಅದರ ಬಲಕ್ಕೆ ಅಂದ್ರೆ ದಡದಿಂದ ಆಚೆಗೆ. ಮೇಲಿನ ನೀರು ಆಚೆ ಸರಿದರೆ ಖಾಲಿ ಜಾಗ ತುಂಬಲು ಕೆಳಗಿನ ತಣ್ಣೀರು ಮೇಲೆ ಬರಬೇಕು. ಆ ನೀರಿನಲ್ಲಿ ಗೊಬ್ಬರದ ಸತ್ವ ಇದೆ, ಸತ್ತು ಕೆಳಗಿಳಿದ ಜೀವಗಳದ್ದು. ಬಿಸಿಲು ಕಂಡ ಕೂಡಲೇ ಕಣ್ಣಿಗೆ ಕಾಣದ ಪಾಚಿ ಹುಲುಸಾಗುತ್ತದೆ, ಅದನ್ನು ತಿನ್ನಲು ತಾರ್ಲೆ, ಬಂಗಡೆ ಬರುತ್ತವೆ. ಜೂನ್, ಜುಲೈ ಎರಡು ತಿಂಗಳು ದೊಡ್ಡ ದೋಣಿಗಳ ಮೀನುಗಾರಿಕೆ ಬಂದ್ ಇರುತ್ತದೆ. ಆಮೇಲೆ ಹುಬ್ಬಳ್ಳಿಯ ಮೀನು ಮಾರ್ಕೆಟ್ಟಿಗೆ ಕಾರವಾರದಿಂದ ಬರುವ ಬುಟ್ಟಿಗಳ ಹಿಂದೆ ಈ ಬೀಸುವ ಕಲ್ಲಿನ ಲೆಕ್ಕ ಇದೆ. ಮೀನು ತಿನ್ನದವರು ಕ್ಷಮಿಸಬೇಕು.

ದೊಡ್ಡ ಸಾಗರಗಳಲ್ಲಿ ಇದೇ ಗಾಳಿ, ಇದೇ ತಿರುಗುವಿಕೆ ಸೇರಿ ನೀರನ್ನು ದೊಡ್ಡ ಚಕ್ರಗಳಾಗಿ ಸುತ್ತಿಸುತ್ತವೆ. ಚಕ್ರದ ಪಶ್ಚಿಮ ಅಂಚಿನಲ್ಲಿ ಓಟ ಜೋರು. ಅಮೆರಿಕದ ಪಕ್ಕ ಹರಿಯುವ ಗಲ್ಫ್ ಸ್ಟ್ರೀಮ್ ಅಂಥದ್ದು. ಫ್ಲೋರಿಡಾದ ಹತ್ತಿರವೇ ಸೆಕೆಂಡಿಗೆ ಸುಮಾರು 3 ಕೋಟಿ ಘನ ಮೀಟರ್ ನೀರು. ಜಗತ್ತಿನ ಎಲ್ಲಾ ನದಿಗಳನ್ನು ಕೂಡಿಸಿದರೂ ಸೆಕೆಂಡಿಗೆ 12 ಲಕ್ಷ ಘನ ಮೀಟರ್ ಆಸುಪಾಸು. ನಮ್ಮ ಕೃಷ್ಣೆ, ಗಂಗೆ, ಅಮೆಜಾನ್ ಎಲ್ಲ ಅದರಲ್ಲಿ ಬಂದವು. ಬೆಂಜಮಿನ್ ಫ್ರಾಂಕ್ಲಿನ್ ಅಂಚೆ ಅಧಿಕಾರಿಯಾಗಿದ್ದಾಗ, ಇಂಗ್ಲೆಂಡಿನಿಂದ ಬರುವ ಅಂಚೆ ಹಡಗು ವ್ಯಾಪಾರಿ ಹಡಗಿಗಿಂತ ವಾರಗಟ್ಟಲೆ ತಡ ಯಾಕೆ ಅಂತ ತಲೆ ಕೆಡಿಸಿಕೊಂಡಿದ್ದ. ತಿಮಿಂಗಿಲ ಹಿಡಿಯುವವರ ಊರಿನ ಅವನ ಬಂಧು ತಿಮೊತಿ ಫೋಲ್ಗರ್ ಹೇಳಿದ: ಅಂಚೆಯವರು ಹೊಳೆಗೆ ಎದುರಾಗಿ ಬರುತ್ತಾರೆ, ಹೇಳಿದರೆ ಕೇಳುವುದಿಲ್ಲ. 1769ರ ಸುಮಾರಿಗೆ ನಕ್ಷೆ ಅಚ್ಚಾಯಿತು. ಆದರೂ ಕೇಳಲಿಲ್ಲ ಅನ್ನಿ. ತಿಳಿದವರ ಮಾತು ಕಪ್ತಾನರಿಗೆ ಯಾವ ಕಾಲದಲ್ಲೂ ರುಚಿಸಿಲ್ಲ.

ಯುರೋಪಿನ ಚಳಿ ಕಮ್ಮಿಯಾಗಿರುವುದು ಗಲ್ಫ್ ಸ್ಟ್ರೀಮ್ ಒಂದರಿಂದಲೇ ಅಂತ ಪಠ್ಯಪುಸ್ತಕ ಹೇಳುತ್ತದೆ. ನಾನೂ ಮೂವತ್ತು ವರ್ಷ ಹಾಗೇ ಪಾಠ ಮಾಡಿದೆ. ಪೂರ್ತಿ ಸರಿಯಲ್ಲ. ಅಟ್ಲಾಂಟಿಕ್ ಮೇಲಿಂದ ಬೀಸುವ ಪಡುವಣ ಗಾಳಿಗೂ ದೊಡ್ಡ ಪಾಲಿದೆ. ಸಮುದ್ರ ಬೇಸಿಗೆಯ ಬಿಸಿ ಕೂಡಿಡುತ್ತದೆ, ಚಳಿಗಾಲದಲ್ಲಿ ಗಾಳಿ ಅದನ್ನು ಎತ್ತಿಕೊಂಡು ಹೋಗುತ್ತದೆ. ಕೂಡಿಡುವ ಶಕ್ತಿ ಎಷ್ಟು ಗೊತ್ತಾ? ಸಮುದ್ರದ ಮೇಲಿನ ಮೂರು ಮೀಟರ್ ನೀರು ಹಿಡಿಯುವಷ್ಟು ಬಿಸಿಯನ್ನು ಇಡೀ ವಾತಾವರಣ ಹಿಡಿಯುತ್ತದೆ. ಅಂದ್ರೆ ನಮ್ಮ ತಲೆಯ ಮೇಲಿನ ಗಾಳಿಯೆಲ್ಲ ಸೇರಿದರೂ ಒಂದು ಸಣ್ಣ ಬಾವಿಯ ಆಳಕ್ಕೆ ಸಮ ಇಲ್ಲ.

ಯಜಮಾನರು ಗಡಿಯಾರ ನೋಡುತ್ತಿದ್ದಾರೆ. ಅಮೆರಿಕ ಬಿಟ್ಟು ನಮ್ಮ ಕಡೆ ಬರೋಣ.

ಜಗತ್ತಿನ ದೊಡ್ಡ ಪ್ರವಾಹಗಳೆಲ್ಲ ವರ್ಷವಿಡೀ ಒಂದೇ ದಿಕ್ಕಿಗೆ ಹರಿಯುತ್ತವೆ. ನಮ್ಮ ಸಮುದ್ರದ್ದು ಹಾಗಲ್ಲ. ಉತ್ತರಕ್ಕೆ ಏಷ್ಯಾ ಗೋಡೆಯ ಹಾಗೆ ನಿಂತಿದೆ. ಬೇಸಿಗೆಯಲ್ಲಿ ನೆಲ ಕಾಯ್ದಾಗ ಗಾಳಿ ಸಮುದ್ರದಿಂದ ನೆಲಕ್ಕೆ, ಚಳಿಯಲ್ಲಿ ನೆಲದಿಂದ ಸಮುದ್ರಕ್ಕೆ. ಗಾಳಿ ಮಗ್ಗುಲು ಬದಲಿಸಿದ ಹಾಗೆ ನೀರೂ ಬದಲಿಸುತ್ತದೆ. ಆಫ್ರಿಕಾದ ಪಕ್ಕದ ಸೋಮಾಲಿ ಪ್ರವಾಹ ಜೂನ್‌ನಲ್ಲಿ ಉತ್ತರಕ್ಕೆ ಸೆಕೆಂಡಿಗೆ ಎರಡು ಮೀಟರ್ ದಾಟಿ ಓಡುತ್ತದೆ. ಡಿಸೆಂಬರ್‌ನಲ್ಲಿ ಅದೇ ಜಾಗದಲ್ಲಿ ನೀರು ದಕ್ಷಿಣಕ್ಕೆ. ಹೊಳೆಯೊಂದು ಆರು ತಿಂಗಳು ಊರಿಗೆ, ಆರು ತಿಂಗಳು ಗುಡ್ಡಕ್ಕೆ ಹರಿದ ಹಾಗೆ. ಹಳೆಯ ನಾವಿಕರಿಗೆ ಇದು ಬಾಯಿಪಾಠ. ವಿಜಯನಗರಕ್ಕೆ ಅರಬರ ಕುದುರೆಗಳು ಭಟ್ಕಳದ ಬಂದರಿನಲ್ಲಿ ಇಳಿದದ್ದು ಈ ಗಾಳಿಯ ಪಂಚಾಂಗ ನೋಡಿಕೊಂಡೇ.

ಈಗ ಬಲಗಡೆಯ ಭರಣಿ ಮತ್ತೆ ನೋಡಿ. ನೀಲಿ ಕೆನೆ ಇನ್ನೂ ಹಾಗೇ ಇದೆ. ಬಂಗಾಳ ಕೊಲ್ಲಿ ಅಂದ್ರೆ ಇದೇ. ನದಿಗಳ ಸಿಹಿನೀರು ಮೇಲೆ ತೆಳ್ಳಗೆ ಹಾಸಿಕೊಂಡಿರುತ್ತದೆ. ಗಾಳಿ ಎಷ್ಟು ಕಲಕಿದರೂ ಕೆಳಗಿನ ತಣ್ಣನೆಯ ಉಪ್ಪುನೀರು ಸುಲಭಕ್ಕೆ ಮೇಲೆ ಬರುವುದಿಲ್ಲ. ಹಾಗಾಗಿ ಬಿಸಿಲಿನ ಬಿಸಿಯೆಲ್ಲ ಮೇಲಿನ ಪದರದಲ್ಲೇ ಉಳಿಯುತ್ತದೆ. ಮಳೆಗಾಲದಲ್ಲೂ ಕೊಲ್ಲಿ 28 ಡಿಗ್ರಿಗಿಂತ ಮೇಲೇ ಇರುತ್ತದೆ. ಅರಬ್ಬಿ ಸಮುದ್ರದಲ್ಲಿ ಅಂಥ ಮುಚ್ಚಳ ಇಲ್ಲ. ಜೂನ್ ಗಾಳಿ ಕಲಕಿದ ಕೂಡಲೇ ಅದು ತಂಪಾಗುತ್ತದೆ. ಬಿಸಿ ಸಮುದ್ರದ ಮೇಲೆ ಮೋಡ ಸುಲಭಕ್ಕೆ ಕಟ್ಟುತ್ತದೆ, ವಾಯುಭಾರ ಕುಸಿಯುತ್ತದೆ.

ಯಜಮಾನ್ರ, ನಿಮ್ಮ ಕಡಲೆ ಈಗ ಬಂತು. ಮುಂಗಾರಿ ಮಳೆ ಪಡುವಣದಿಂದ ಬರುತ್ತದೆ. ಆದರೆ ಅರ್ಧಕ್ಕರ್ಧ ನೀರನ್ನು ಘಟ್ಟವೇ ಇಳಿಸಿಕೊಂಡುಬಿಡುತ್ತದೆ. ಗದಗಿಗೆ ಬರುವ ಹೊತ್ತಿಗೆ ಮೋಡ ಹಗುರ. ಅಲ್ಲಿ ವರ್ಷಕ್ಕೆ ಬೀಳುವುದೇ 60 ಸೆಂಟಿಮೀಟರ್ ಚಿಲ್ಲರೆ. ನೀವು ಹಿಂಗಾರಿ ಜೋಳ, ಕಡಲೆ, ಕುಸುಬಿ ಬಿತ್ತಲು ಕಾಯುವುದು ಯಾವ ಮಳೆಗೆ? "ಉತ್ತರಿ, ಹಸ್ತ, ಚಿತ್ತಿ" ಅಂದಿರಿ. ಸರಿ. ಸೆಪ್ಟೆಂಬರ್, ಅಕ್ಟೋಬರ್. ಆ ಹೊತ್ತಿನ ನಮ್ಮ ಬಯಲುಸೀಮೆ ಮಳೆಯಲ್ಲಿ ದೊಡ್ಡ ಪಾಲು ಬಂಗಾಳ ಕೊಲ್ಲಿಯ ವಾಯುಭಾರ ಕುಸಿತಗಳದ್ದು. ಅಲ್ಲಿ ಹುಟ್ಟಿ, ಆಂಧ್ರ, ತೆಲಂಗಾಣ ದಾಟಿ, ರಾಯಚೂರು, ಕೊಪ್ಪಳದ ಮೇಲೆ ಹಾದು ಬರುತ್ತವೆ. ಕೊಲ್ಲಿ ಬಿಸಿಯಾಗಿರಲು ಮೇಲಿನ ಸಿಹಿನೀರು ಬೇಕು. ಆ ಸಿಹಿನೀರಲ್ಲಿ ಕೃಷ್ಣೆಯದೂ ಒಂದು ಚೊಂಬು. ಕೃಷ್ಣೆಯಲ್ಲಿ ಬೆಣ್ಣಿಹಳ್ಳದ್ದು ಒಂದು ಚಮಚ.

"ಹಂಗಾದ್ರ ನಮ್ಮ ಹೊಲದ ನೀರ ತಿರುಗಿ ನಮಗ ಮಳಿ ತರತೈತೇನ್ರಿ?" ಅಂತ ಕೇಳುತ್ತಿದ್ದಾರೆ.

ಒಂದು ಹನಿಯ ಲೆಕ್ಕ ಯಾರೂ ಇಟ್ಟಿಲ್ಲ ಯಜಮಾನ್ರ. ಆದರೆ ದಾರಿ ಗೊತ್ತು. ಮಳೆಗಾಲ ಮುಗಿದ ಮೇಲೆ, ನವೆಂಬರ್ ಹೊತ್ತಿಗೆ, ಕೊಲ್ಲಿಯ ಪಶ್ಚಿಮ ದಂಡೆಯ ಪ್ರವಾಹ ದಕ್ಷಿಣಕ್ಕೆ ತಿರುಗುತ್ತದೆ. ಆಂಧ್ರ, ತಮಿಳುನಾಡಿನ ಪಕ್ಕ ಇಳಿದು, ಶ್ರೀಲಂಕಾ ಸುತ್ತಿ, ಅರಬ್ಬಿ ಸಮುದ್ರದ ಆಗ್ನೇಯ ಮೂಲೆಗೆ ಕೊಲ್ಲಿಯ ಸಿಹಿನೀರನ್ನು ತಂದು ಸುರಿಯುತ್ತದೆ. ಆ ಕಾಲಕ್ಕೆ ನಮ್ಮ ಪಶ್ಚಿಮ ಕರಾವಳಿಯ ಪ್ರವಾಹವೂ ಉತ್ತರಕ್ಕೆ ಹರಿಯುತ್ತಿರುತ್ತದೆ, ಕೇರಳ ದಾಟಿ ನಮ್ಮ ಕಡೆಗೆ. ಕೇರಳ, ಲಕ್ಷದ್ವೀಪದ ಸುತ್ತ ಆ ನೀರು ಮತ್ತೆ ಮುಚ್ಚಳದ ಕೆಲಸ ಮಾಡುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಅಲ್ಲಿಯ ಸಮುದ್ರ 30 ಡಿಗ್ರಿ ದಾಟುತ್ತದೆ. ಮುಂಗಾರು ಮೊದಲು ಕಾಲಿಡುವುದು ಆ ಬಿಸಿ ಮಡುವಿನ ಮಗ್ಗುಲಲ್ಲೇ. ನಮ್ಮ ಹಂಚಿನ ಮನೆಯ ಮೂಡಣ ಹನಿ, ದೇಶದ ಅರ್ಧ ಸುತ್ತು ಹಾಕಿ, ಪಡುವಣ ಹನಿ ಬಿದ್ದ ಸಮುದ್ರಕ್ಕೇ ಬಂದು ಸೇರಿತು.

ಮಳೆಗಾಲದಲ್ಲಿ ಇದು ತಿರುಗುಮುರುಗು. ಅರಬ್ಬಿ ಸಮುದ್ರದ ಉಪ್ಪುನೀರು ಲಂಕೆಯ ಕೆಳಗೆ ಹಾದು ಕೊಲ್ಲಿಗೆ ನುಗ್ಗುತ್ತದೆ. ಭಾರ ಅಲ್ವಾ, ಸಿಹಿನೀರಿನ ಅಡಿಯಲ್ಲಿ ತೂರಿಕೊಂಡು ಹೋಗುತ್ತದೆ. 2016ರ ಜೂನ್, ಜುಲೈನಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪಿ.ಎನ್. ವಿನಯಚಂದ್ರನ್ ಮತ್ತು ಸಂಗಡಿಗರು 'ಸಿಂಧು ಸಾಧನಾ' ಹಡಗಿನಲ್ಲಿ ಹೋಗಿ ಇದನ್ನು ಅಳೆದು ಬಂದರು. ಹಡಗಿನ ಜೊತೆಗೆ ತಾವೇ ಮುಳುಗಿ ತಾವೇ ಏಳುವ ಯಂತ್ರಗಳು. ಅಂಥವು ಈಗ ಎಲ್ಲಾ ಸಮುದ್ರಗಳಲ್ಲಿವೆ. ಆರ್ಗೋ ಅನ್ನುವ ತೇಲುಕೊಳವೆಗಳು, ಸುಮಾರು ನಾಲ್ಕು ಸಾವಿರ. ಹತ್ತು ದಿನಕ್ಕೊಮ್ಮೆ ಎರಡು ಕಿಲೋಮೀಟರ್ ಆಳದಿಂದ ಮೇಲೆದ್ದು, ದಾರಿಯಲ್ಲಿ ಕಂಡ ಬಿಸಿ, ಉಪ್ಪಿನ ಲೆಕ್ಕವನ್ನು ಉಪಗ್ರಹಕ್ಕೆ ಕಳಿಸಿ, ಮತ್ತೆ ಮುಳುಗುತ್ತವೆ. ನಮ್ಮ ಸಮುದ್ರದ ಲೆಕ್ಕ ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆಗೆ ಬರುತ್ತದೆ.

ಎಲ್ ನಿನೊ ಬಗ್ಗೆ ಚೀಟಿ ಬಂದಿದೆ. ಬರಲೇಬೇಕು, 2023 ಇನ್ನೂ ಮರೆತಿಲ್ಲ. ರಾಜ್ಯದ 236 ತಾಲೂಕುಗಳಲ್ಲಿ 223ನ್ನು ಬರಪೀಡಿತ ಅಂತ ಸಾರಿದ ವರ್ಷ ಅದು. ಪೆಸಿಫಿಕ್ ಸಾಗರದಲ್ಲಿ ಗಾಳಿ ಸಾಮಾನ್ಯವಾಗಿ ಮೂಡಣದಿಂದ ಪಡುವಣಕ್ಕೆ ಬೀಸುತ್ತಾ ಬಿಸಿನೀರನ್ನು ಇಂಡೋನೇಷ್ಯಾ ಕಡೆ ಗುಡ್ಡೆ ಹಾಕುತ್ತದೆ. ಕೆಲವು ವರ್ಷಕ್ಕೊಮ್ಮೆ ಆ ಗಾಳಿ ಸೋಲುತ್ತದೆ. ಗುಡ್ಡೆಯ ಬಿಸಿನೀರು ವಾಪಸ್ ಪೆರು ದೇಶದ ಕಡೆ ಹರಿದುಕೊಂಡು ಬರುತ್ತದೆ. ಕ್ರಿಸ್‌ಮಸ್ ಹೊತ್ತಿಗೆ ಬರುವ ಈ ಬಿಸಿನೀರಿಗೆ ಅಲ್ಲಿಯ ಮೀನುಗಾರರು ಬಾಲ ಯೇಸುವಿನ ಹೆಸರಿಟ್ಟರು, ಎಲ್ ನಿನೊ, ಅಂದ್ರೆ ಪುಟ್ಟ ಹುಡುಗ. ಮಳೆಯ ಮೋಡ ಬಿಸಿನೀರಿನ ಹಿಂದೆ ಹೋಗುತ್ತದೆ. ನಮ್ಮ ಕಡೆ ಗಾಳಿ ಮೇಲಿಂದ ಕೆಳಗೆ ಒತ್ತುತ್ತದೆ, ಮೋಡ ಕಟ್ಟುವುದಿಲ್ಲ.

ಇದರ ಎಳೆ ಹಿಡಿದವರಲ್ಲಿ ಒಬ್ಬ ನಮ್ಮ ದೇಶದಲ್ಲೇ ಕೂತಿದ್ದ. 1876ರಿಂದ 78ರ ಧಾತು–ಈಶ್ವರ ಸಂವತ್ಸರದ ಬರ ಕೇಳಿದ್ದೀರಿ. ಮುಂಬೈ ಇಲಾಖೆಯಲ್ಲಿ ಅತಿ ಹೆಚ್ಚು ನರಳಿದ ಜಿಲ್ಲೆಗಳಲ್ಲಿ ನಮ್ಮ ಧಾರವಾಡವೂ ಒಂದು. ಬರ 1876ರಲ್ಲೇ ಶುರುವಾಗಿತ್ತು, ಮರುವರ್ಷ ಪೆಸಿಫಿಕ್‌ನಲ್ಲಿ ಭಾರೀ ಎಲ್ ನಿನೊ ಎದ್ದಿತು. ಮಳೆ ಕೈಕೊಡುವುದನ್ನು ಮೊದಲೇ ಹೇಳಲು ಬರುತ್ತದಾ ಅಂತ ಸರ್ಕಾರ ಹುಡುಕುತ್ತಲೇ ಇತ್ತು. 1904ರಲ್ಲಿ ಹವಾಮಾನ ಇಲಾಖೆಯ ಮುಖ್ಯಸ್ಥನಾಗಿ ಗಿಲ್ಬರ್ಟ್ ವಾಕರ್ ಬಂದ. ಮೂಲತಃ ಗಣಿತದವನು. ಬೂಮರಾಂಗ್ ಎಸೆಯುವ ಹುಚ್ಚು, ಗೆಳೆಯರು ಆ ಹೆಸರಿಂದಲೇ ಕರೆಯುತ್ತಿದ್ದರು. ಜಗತ್ತಿನ ಮೂಲೆಮೂಲೆಯ ವಾಯುಭಾರದ ಅಂಕಿಗಳನ್ನು ಗುಮಾಸ್ತರಿಂದ ಲೆಕ್ಕ ಹಾಕಿಸಿ, ಪೆಸಿಫಿಕ್‌ನಲ್ಲಿ ಭಾರ ಏರಿದಾಗ ಹಿಂದೂ ಮಹಾಸಾಗರದ ಕಡೆ ಇಳಿಯುತ್ತದೆ, ಅಲ್ಲಿ ಇಳಿದಾಗ ಇಲ್ಲಿ ಏರುತ್ತದೆ ಅಂತ ಕಂಡುಕೊಂಡ. ತಕ್ಕಡಿಯ ಹಾಗೆ. ಅದಕ್ಕೂ ಸಮುದ್ರದ ಬಿಸಿಗೂ ಗಂಟು ಹಾಕಿದ್ದು ಬೆರ್ಕ್‌ನೆಸ್, 1969ರಲ್ಲಿ.

ಆದರೆ ಟೀವಿಯಲ್ಲಿ ಎಲ್ ನಿನೊ ಅಂದ ಕೂಡಲೇ ಬಿತ್ತನೆ ಬೀಜ ವಾಪಸ್ ಕೊಡಬೇಡಿ. 1997ರಲ್ಲಿ ಶತಮಾನದ ಭಾರೀ ಎಲ್ ನಿನೊ ಬಂತು, ದೇಶದ ಮಳೆ ವಾಡಿಕೆಗಿಂತ ಚೂರು ಹೆಚ್ಚೇ ಆಯಿತು. 2002ರಲ್ಲಿ ಸಾಧಾರಣ ಎಲ್ ನಿನೊ, ಮಳೆ ಶೇಕಡ 19 ಖೋತಾ. ಯಾಕೆ? 1999ರಲ್ಲಿ ಸಾಜಿ, ಗೋಸ್ವಾಮಿ, ವಿನಯಚಂದ್ರನ್, ಯಮಗಾಟ ನಾಲ್ವರು ಸೇರಿ ಒಂದು ಉತ್ತರ ಕೊಟ್ಟರು. ನಮ್ಮ ಹಿಂದೂ ಮಹಾಸಾಗರದಲ್ಲೂ ಒಂದು ತಕ್ಕಡಿ ಇದೆ. ಒಂದು ತಟ್ಟೆ ಆಫ್ರಿಕಾ ಕಡೆ, ಇನ್ನೊಂದು ಸುಮಾತ್ರಾ ಕಡೆ. ಆಫ್ರಿಕಾ ಕಡೆ ಬಿಸಿ ಏರಿ ಸುಮಾತ್ರಾ ಕಡೆ ತಂಪಾದರೆ ನಮಗೆ ಸಾಮಾನ್ಯವಾಗಿ ಒಳ್ಳೆಯದು. 1997ರಲ್ಲಿ ಅದು ನಮ್ಮ ಪರ ವಾಲಿತ್ತು. 2019ರಲ್ಲಂತೂ ವಿಪರೀತ ವಾಲಿತು. ಆ ಆಗಸ್ಟಿನಲ್ಲಿ ಮಲಪ್ರಭೆ, ಬೆಣ್ಣಿಹಳ್ಳ ಏನು ಮಾಡಿದವು ಅಂತ ನರಗುಂದ, ರೋಣದವರಿಗೆ ನಾನು ಹೇಳಬೇಕಾಗಿಲ್ಲ. ಒಂದೇ ತಕ್ಕಡಿಯನ್ನು ಆ ನೆರೆಗೆ ಹೊಣೆ ಮಾಡುವುದು ತಪ್ಪು. ಆದರೆ ಆ ವರ್ಷದ ಲೆಕ್ಕದಲ್ಲಿ ಅದನ್ನು ಬಿಡುವುದೂ ತಪ್ಪು.

ಕೊನೆಯ ಪ್ರಶ್ನೆ ಯಜಮಾನರ ಮೊಮ್ಮಗಳದ್ದು. "ಸರ್, ಅಟ್ಲಾಂಟಿಕ್ ಕರೆಂಟ್ ನಿಂತುಹೋಗತ್ತಂತೆ, ನಿಜಾನಾ? ವಿಡಿಯೋದಲ್ಲಿ ನೋಡಿದೆ."

ಬಲಗಡೆಯ ಭರಣಿಗೆ ನೀನೇ ಕೇಳು. ಗ್ರೀನ್‌ಲ್ಯಾಂಡಿನ ಐಸು ಕರಗಿ ಸಿಹಿನೀರು ಮೇಲೆ ಹಾಸಿಕೊಂಡರೆ ಮುಳುಗುವ ಕೆಲಸ ಸೊರಗುತ್ತದೆ, ಅದರ ಜೊತೆ ಅಟ್ಲಾಂಟಿಕ್‌ನ ಆ ಓಟವೂ. 2004ರಿಂದ ಅಟ್ಲಾಂಟಿಕ್‌ಗೆ ಅಡ್ಡಲಾಗಿ ಯಂತ್ರಗಳನ್ನು ಕಟ್ಟಿ ಅಳೆಯುತ್ತಿದ್ದಾರೆ. ಈ ಶತಮಾನದಲ್ಲಿ ಅದು ದುರ್ಬಲವಾಗುವುದು ಹೆಚ್ಚುಕಮ್ಮಿ ಖಚಿತ ಅಂತ ಜಾಗತಿಕ ವಿಜ್ಞಾನಿಗಳ ಸಮಿತಿ 2021ರಲ್ಲಿ ಹೇಳಿತು. 2100ರ ಒಳಗೆ ದಿಢೀರ್ ಅಂತ ಕುಸಿಯಲಿಕ್ಕಿಲ್ಲ ಅಂತಲೂ ಹೇಳಿತು, ಆದರೆ ಆ ಮಾತಿಗೆ ಅವರು ಇಟ್ಟ ಭರವಸೆ ಮಧ್ಯಮ ದರ್ಜೆಯದು. ಆಮೇಲೆ ಬಂದ ಕೆಲವು ಅಧ್ಯಯನಗಳು ಇನ್ನೂ ಬೇಗ ಆಗಬಹುದು ಅಂತಿವೆ, ಅವುಗಳ ಮೇಲೆ ವಾದ ನಡೆದಿದೆ. ಸಿನಿಮಾದಲ್ಲಿ ತೋರಿಸುವ ಹಾಗೆ ಒಂದು ವಾರದಲ್ಲಿ ಊರು ಹೆಪ್ಪುಗಟ್ಟುವುದಿಲ್ಲ. ಅಷ್ಟು ಧೈರ್ಯವಾಗಿ ಹೇಳಬಲ್ಲೆ.

ಮಾತು ಅಲ್ಲಿಗೆ ಮುಗಿಯಿತು. ಚಹಾ ಬಂತು. ಸಭಾಭವನ ನೋಡಿಕೊಳ್ಳುವವರು ಬೀಗದ ಗೊಂಚಲು ಹಿಡಿದು ನಿಂತಿದ್ದರು. "ಈ ಭರಣಿ ನೀರ ಎಲ್ಲಿ ಚೆಲ್ಲಲ್ರಿ ಸರ?" ಹೊರಗಿನ ಗಟಾರಕ್ಕೆ ಅಂದೆ. ಎಡಗಡೆಯದು ಪೂರ್ತಿ ನೀಲಿ ಆಗಿತ್ತು. ಬಲಗಡೆಯದರಲ್ಲಿ ಕೆನೆ ಇನ್ನೂ ಕದಡಿರಲಿಲ್ಲ.

ಮಳೆ ನಿಂತಿತ್ತು. ನವಲಗುಂದದ ಯಜಮಾನರು ನಮ್ಮ ಹಿಂದೆಯೇ ಬಂದರು, ಮೊಮ್ಮಗಳ ಮೊಬೈಲಿನ ಟಾರ್ಚ್ ಹಚ್ಚಿಸಿದರು. ಉಪ್ಪುನೀರು ಗಟಾರಕ್ಕೆ ಬಿದ್ದು ನೀಲಿ ಬಣ್ಣ ಒಂದು ಮಾರು ದೂರ ಕಾಣಿಸಿತು. ಅವರು ಬಗ್ಗಿ ನೋಡಿದರು. ಆಮೇಲೆ ಆಚೆ ಈಚೆ ತಿರುಗಿ ದಿಕ್ಕು ಲೆಕ್ಕ ಹಾಕಿದರು.

"ಸೋಮೇಶ್ವರ ಕಡೆ ಹೊಂಟೈತ್ರಿ ಸರ" ಅಂದರು. "ನಿಮ್ಮ ಉಪ್ಪು ತನ್ನ ಊರಿಗೇ ಹೊಂಟೈತಿ."